ಮೂವತ್ತು ಸೆಕೆಂಡಿನ ಪಾಲುಪಟ್ಟಿ

ನನ್ನ ಸಂಗೀತವನ್ನು ನೀವು ಕೇಳಿಲ್ಲ ಎಂದರೆ ನಾನು ನಂಬುವುದಿಲ್ಲ. ಯಾರ ಮನೆಗೂ ಹೋಗದ ಮನುಷ್ಯರು ನೀವಾಗಿದ್ದರೆ ಮಾತು ಬೇರೆ. ಯಾರದಾದರೂ ಬಾಗಿಲ ಪಕ್ಕದ ಗುಂಡಿ ಒತ್ತಿದಾಗ ಒಳಗಿನಿಂದ "ಟಿಂಗ್ ಟಿಂಗ್ ಟಿಣಿಂಗ್" ಎಂದು ಕೇಳಿಸಿ, ಬಂದ ಕೆಲಸ ಮರೆತು ಒಂದು ಕ್ಷಣ ಹಾಗೇ ನಿಂತಿದ್ದೀರಾ? ಆ ಕ್ಷಣ ನನ್ನದು. ಕಾಲಿಂಗ್ ಬೆಲ್ ತಯಾರಿಸುವ ಕಂಪನಿಗೆ ಹದಿನಾರು ವರ್ಷದಿಂದ ನಾನೇ ರಾಗ ಕಟ್ಟಿಕೊಡುತ್ತಿದ್ದೇನೆ. ದೊಡ್ಡ ದೊಡ್ಡ ಗಾಯಕರು ಮೂರು ಗಂಟೆ ಹಾಡಿಯೂ ಯಾರದೇ ಮನೆಯ ಬಾಗಿಲು ತೆಗೆಸಲಾರರು. ನಾನು ಮೂರು ಸೆಕೆಂಡಿನಲ್ಲಿ ತೆಗೆಸುತ್ತೇನೆ.

ಎರಡು ವರ್ಷದಿಂದ ಮಾತ್ರ ನನ್ನ ಬೆಲ್ಲುಗಳಿಗೆ ಏನೋ ಆಗಿತ್ತು. ಕಂಪನಿಯ ಮ್ಯಾನೇಜರ್ ಫೋನು ಮಾಡಿ, "ಸರ್, ನಿಮ್ಮ ಹೊಸ ಬೆಲ್ಲು ಕೇಳಿದ್ರೆ ಜನ ಒಳಗಿಂದ ಚಿಲಕ ಹಾಕ್ಕೋತಾರಂತೆ" ಎಂದಿದ್ದ. ಮಹಾನ್ ಕಲಾವಿದರಿಗೆ ಇಂಥ ಕಾಲ ಬರುತ್ತದೆ ಎಂದು ನಾನು ಅವನಿಗೆ ತಿಳಿಸಿ ಹೇಳಿದೆ. ಅವನಿಗೆ ತಿಳಿಯಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ಬೆಳಗ್ಗೆ ನಮ್ಮ ಕಟ್ಟಡದ ಕೆಳಗೆ, ಮೆಟ್ಟಿಲ ಬುಡದಲ್ಲಿ, ಜಾಹೀರಾತಿನವನೊಬ್ಬ ನನ್ನನ್ನು ಹಿಡಿದ. ಕನ್ನಡಕವನ್ನು ಕಣ್ಣಿಗೆ ಹಾಕದೆ ತಲೆಗೆ ಹಾಕಿಕೊಂಡಿದ್ದ. ಟೀವಿಗೆ ಜಾಹೀರಾತು ಮಾಡುವುದು ಅವನ ಉದ್ಯೋಗ.

"ಸರ್, ಒಬ್ಬರ ಮನೇಲಿ ನಿಮ್ಮ ಬೆಲ್ಲು ಒತ್ತಿದೆ. ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು. ಹನ್ನೊಂದು ಸಲ ಒತ್ತಿದೆ. ಕೊನೆಗೆ ಅವರು ಕೋಲು ಹಿಡ್ಕೊಂಡು ಬಂದ್ರು. ಓಡ್ತಾ ಓಡ್ತಾನೇ ಕಂಪನಿ ಹೆಸರು ಓದ್ಕೊಂಡು ನಿಮ್ಮನ್ನ ಹುಡುಕಿದೆ."

"ಯಾವ ಬೆಲ್ಲು?"

ಅವನು ಗುನುಗಿದ. ಮೂರು ವರ್ಷ ಹಳೆಯದು. ನಮ್ಮ ಮನೆಯ ಬಾಗಿಲಿಗೂ ಅದೇ ಇದೆ.

ಅವನ ಕೆಲಸ ಒಂದು ಕಂಬಳಿ ಕಂಪನಿಯದು. ಚಿತ್ರ ಆಗಲೇ ತೆಗೆದಾಗಿತ್ತು. ಚಳಿಯ ಬೆಳಗು. ಒಂದು ಕೋಣೆ. ಕಂಬಳಿ ಹೊದ್ದು ಒಬ್ಬ ಮುದುಕ ಕೂತಿದ್ದಾನೆ. ಒಬ್ಬೊಬ್ಬರಾಗಿ ಮನೆಯವರೆಲ್ಲ ಬಂದು ಅದೇ ಕಂಬಳಿಯೊಳಗೆ ತೂರಿಕೊಳ್ಳುತ್ತಾರೆ. ಕೊನೆಗೆ ನಾಯಿ. ಮಾತಿಲ್ಲ, ಕಥೆಯಿಲ್ಲ. ಮೂವತ್ತು ಸೆಕೆಂಡು.

"ಒಂದೇ ಒಂದು ವಾದ್ಯ ಬೇಡ ಸರ್. ತಂತಿ ತಣ್ಣಗಿರುತ್ತೆ, ಗಂಟಲು ಬೆಚ್ಚಗಿರುತ್ತೆ. ಬರೀ ಗಂಟಲಲ್ಲೇ ಆಗ್ಬೇಕು. ನಿಮ್ಮ ಹತ್ರ ಹಾಡೋರ ತಂಡ ಇದೆಯಾ?"

ಸಾಮಾನ್ಯ ಮನುಷ್ಯ ಇಲ್ಲ ಎನ್ನುತ್ತಿದ್ದ. ನಾನು ಗೋಡೆ ಕಡೆ ನೋಡಿದೆ. ಅಲ್ಲಿ ನಮ್ಮ ಕಟ್ಟಡದ ಇಪ್ಪತ್ತೆರಡು ಮನೆಗಳ ಇಪ್ಪತ್ತೆರಡು ಟಪಾಲು ಡಬ್ಬಿಗಳು ಸಾಲಾಗಿ ಬಾಯಿ ತೆರೆದುಕೊಂಡು ನಿಂತಿದ್ದವು. ನೋಡಿದರೆ ಥೇಟ್ ಹಾಡುವವರ ಹಾಗೇ.

"ಇದೆ. ಇಪ್ಪತ್ತೆರಡು ಜನ," ಎಂದೆ. "ವರ್ಷಗಳಿಂದ ಒಟ್ಟಿಗಿದ್ದಾರೆ."

ಇದರಲ್ಲಿ ಸುಳ್ಳೇನಿದೆ, ನೀವೇ ಹೇಳಿ.

ಇನ್ನು ನನ್ನ ಹೆಂಡತಿಯ ವಿಷಯ ಹೇಳಬೇಕು. ಇವಳು ಶಾಲೆಯಲ್ಲಿ ಸಂಗೀತದ ಮೇಡಂ. ಅಂದರೆ, ಆಗಿದ್ದಳು. ಬೆಳಗ್ಗೆ ಆರಕ್ಕೆ ಅಭ್ಯಾಸಕ್ಕೆ ಕೂತರೆ ಮೇಲಿನ ಮಹಡಿಯವರು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಎರಡು ವರ್ಷದ ಹಿಂದೆ ಗಂಟಲಿನ ಗ್ರಂಥಿಗೆ ಆಪರೇಷನ್ ಆಯಿತು. "ಧ್ವನಿ ಸ್ವಲ್ಪ ಬದಲಾಗಬಹುದು" ಎಂದು ವೈದ್ಯರು ಹೇಳಿದ್ದರು. ಸ್ವಲ್ಪ ಎಂದರೆ ಎಷ್ಟು ಎಂದು ಆಗ ಕೇಳಿಕೊಂಡಿರಲಿಲ್ಲ. ಬೆಳ್ಳಿಯ ಲೋಟದಂತಿದ್ದ ಗಂಟಲು ಒರಳುಕಲ್ಲಾಗಿ ಹೊರಬಂತು.

ಫೋನಿನಲ್ಲಿ ಎಲ್ಲರೂ ಇವಳನ್ನು "ಸರ್" ಎನ್ನತೊಡಗಿದರು. ಮೊದಲ ಸಲ ನಕ್ಕಳು. ಎರಡನೇ ಸಲ ನಗಲಿಲ್ಲ. ಮೂರನೇ ಸಲದ ಮೇಲೆ ಫೋನು ಎತ್ತಲೇ ಇಲ್ಲ. ಹಾಡು ಬಿಟ್ಟಳು. ಆಮೇಲೆ ಹೊಸ್ತಿಲಿನಾಚೆ ಮಾತನ್ನೂ ಬಿಟ್ಟಳು. ಶಾಲೆಯಲ್ಲಿ ಲೈಬ್ರರಿ ಕೆಲಸ ಕೇಳಿ ಪಡೆದಳು. ಮಾತಾಡಬಾರದು ಎಂದು ಗೋಡೆಯ ಮೇಲೇ ಬರೆದಿರುವ ಕೋಣೆಯನ್ನು ಹುಡುಕಿಕೊಂಡು ಹೋಗಿ ಕೂತಳು. ಹೆಡ್‌ಮೇಡಂ ಪ್ರತಿ ತಿಂಗಳೂ ಹೇಳಿಕಳಿಸುತ್ತಿದ್ದರು: "ಸಂಗೀತದ ಕ್ಲಾಸು ನಿಮಗೋಸ್ಕರ ಖಾಲಿ ಇಟ್ಟಿದ್ದೀನಿ. ಈ ವರ್ಷ ಮುಗಿಯೋದ್ರೊಳಗೆ ಹೇಳಿ. ಆಮೇಲೆ ಬೇರೆಯವರನ್ನ ತಗೋಬೇಕಾಗುತ್ತೆ." ವರ್ಷ ಮುಗಿಯಲು ಇನ್ನೆರಡು ತಿಂಗಳಿತ್ತು.

ಮನೆಯೊಳಗೆ ನನ್ನ ಜೊತೆ ಒಂದೊಂದು ಮಾತು ಆಡುತ್ತಿದ್ದಳು. ಉಳಿದ ಆಡಳಿತವೆಲ್ಲ ಸೌಟಿನಿಂದ. ಪಾತ್ರೆಯ ಅಂಚಿಗೆ ಒಂದು ಸಲ ಕುಟ್ಟಿದರೆ ಊಟಕ್ಕೆ ಬನ್ನಿ. ಎರಡು ಸಲ ಎಂದರೆ ಬಾಗಿಲಿಗೆ ಯಾರೋ ಬಂದಿದ್ದಾರೆ, ನೀವೇ ಹೋಗಿ. ಮೂರು ಸಲ ಎಂದರೆ ಸುಮ್ಮನಿರಿ. ನಾಲ್ಕು ಸಲ ಕುಟ್ಟಿದರೆ ಏನು ಎಂಬುದು ನನಗೆ ಗೊತ್ತಿರಲಿಲ್ಲ. ಆ ಮಟ್ಟಕ್ಕೆ ನಾನು ಯಾವತ್ತೂ ಹೋಗಿರಲಿಲ್ಲ.

ಜಾಹೀರಾತಿನ ಸುದ್ದಿಯನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ಘೋಷಿಸಿದೆ.

"ಇಪ್ಪತ್ತೆರಡು ಜನ ಎಲ್ಲಿದ್ದಾರೆ?" ಎಂದಳು.

"ಹುಡುಕಿದರೆ ಸಿಗ್ತಾರೆ. ನೀನೂ ಒಂದು ದನಿ ಸೇರಿಸಿದ್ರೆ..."

ಟಣ್, ಟಣ್, ಟಣ್.

ಸುಮ್ಮನಾದೆ. ಸುಮ್ಮನಾಗುವುದರಲ್ಲೂ ನನ್ನಷ್ಟು ಪರಿಣತರು ಕಡಿಮೆ.

ಮೆಟ್ಟಿಲ ಬಳಿಯ ಸೂಚನಾ ಫಲಕದಲ್ಲಿ ಚೀಟಿ ಅಂಟಿಸಿದೆ: "ಟೀವಿ ಜಾಹೀರಾತಿಗೆ ಮನೆಗೊಂದು ಗಂಟಲು ಬೇಕಾಗಿದೆ. ಒಟ್ಟು ಮೂವತ್ತು ಸೆಕೆಂಡು. ಅನುಭವ ಬೇಕಿಲ್ಲ." ನಾಲ್ಕೈದು ಜನ ಬಂದಾರು ಎಂದುಕೊಂಡಿದ್ದೆ. ಸಂಜೆ ಐದಕ್ಕೆ ಕಟ್ಟಡದ ಸಂಘದ ತುರ್ತು ಸಭೆ ಸೇರಿತು.

ನಮ್ಮ ಸಂಘದ ಅಧ್ಯಕ್ಷರು ನಿವೃತ್ತ ಸರ್ವೇಯರು. ಮೂವತ್ತೈದು ವರ್ಷ ಜನರ ಜಮೀನು ಅಳೆದು, ಗಡಿಕಲ್ಲು ನೆಟ್ಟು, ಅಣ್ಣತಮ್ಮಂದಿರನ್ನು ಬೇರೆ ಮಾಡಿ ಬಂದವರು. ಅಳೆಯದೆ ಉಳಿದ ವಸ್ತು ಕಣ್ಣಿಗೆ ಬಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಅವರು ಬಿಳಿ ಹಾಳೆಯ ಮೇಲೆ ಉದ್ದಕ್ಕೊಂದು ಗೆರೆ ಎಳೆದುಕೊಂಡೇ ಬಂದಿದ್ದರು.

"ಒಟ್ಟು ವಿಸ್ತೀರ್ಣ ಮೂವತ್ತು ಸೆಕೆಂಡು," ಎಂದರು. "ಮನೆ ಇಪ್ಪತ್ತೆರಡು. ಭಾಗಿಸಿದ್ರೆ ಮನೆಗೆ ಒಂದು ಸೆಕೆಂಡು ಮೂವತ್ತಾರು. ಉಳಿಯೋದು ಸೊನ್ನೆ ಬಿಂದು ಸೊನ್ನೆ ಎಂಟು. ಅದು ಸಾರ್ವಜನಿಕ ಬಳಕೆಗೆ."

"ಅಧ್ಯಕ್ಷರೇ, ಹಾಗಲ್ಲ," ಎಂದೆ. "ಎಲ್ಲರೂ ಒಟ್ಟಿಗೇ ಹಾಡೋದು. ಮೂವತ್ತು ಸೆಕೆಂಡೂ ಎಲ್ಲರದ್ದೇ."

ಸಭೆಯಲ್ಲಿ ಗುಜುಗುಜು ಶುರುವಾಯಿತು. ಒಂದನೇ ಮನೆಯ ಟೈಲರು ಕೊರಳಲ್ಲಿದ್ದ ಟೇಪು ಸರಿಮಾಡಿಕೊಂಡು ಎದ್ದು ನಿಂತ. "ಎಲ್ಲರೂ ಒಟ್ಟಿಗೆ ಹಾಡಿದ್ರೆ ನನ್ನ ಭಾಗ ಯಾವ್ದು ಅಂತ ನಮ್ಮತ್ತೆಗೆ ಹೇಗೆ ತೋರಿಸ್ಲಿ? ಹತ್ತು ಜನಕ್ಕೆ ಒಂದೇ ಅಂಗಿ ಹೊಲಿದು, ಎಲ್ಲರೂ ಹಾಕ್ಕೊಳ್ಳಿ ಅಂತೀರಾ?"

"ಎಲ್ಲರದ್ದೂ ಅಂದ್ರೆ ಯಾರದ್ದೂ ಅಲ್ಲ ಅಂತ," ಅಧ್ಯಕ್ಷರು ತೀರ್ಪು ಕೊಟ್ಟರು. "ನನ್ನ ಸರ್ವೀಸಿನಲ್ಲಿ ಇಂಥ ನೂರು ಕೇಸು ನೋಡಿದ್ದೀನಿ. ಕೊನೆಗೆ ಕೋರ್ಟೇ."

ನಾಲ್ಕು ಸ್ವರದ ಸಣ್ಣದೊಂದು ರಾಗ ಕಟ್ಟಿದ್ದೆ. ಅದರ ಮೇಲೆ ಎಲ್ಲರೂ ಸೇರಿ "ಓ" ಎನ್ನಬೇಕು, ಅಷ್ಟೇ. ಇದನ್ನು ಕೈ ಬೀಸಿ, ಹಾಡಿ ತೋರಿಸಿ, ಮೇಜು ಬಡಿದು ವಿವರಿಸಿದೆ. ಎಲ್ಲರೂ ಗಮನವಿಟ್ಟು ಕೇಳಿದರು. ಆಮೇಲೆ ಪಾಲಿನ ಚರ್ಚೆಗೆ ವಾಪಸು ಹೋದರು.

ಗಲಾಟೆ ನಿಜವಾಗಿ ಎದ್ದದ್ದು ಅಂಚಿನ ಸೆಕೆಂಡುಗಳಿಗೆ. ಮೊದಲ ಸೆಕೆಂಡು, ಕೊನೆಯ ಸೆಕೆಂಡು ಎಂದರೆ ಮೂಲೆ ಸೈಟಿನ ಹಾಗಂತೆ, ಅವಕ್ಕೆ ಬೆಲೆ ಹೆಚ್ಚಂತೆ. ಮುಕ್ಕಾಲು ಗಂಟೆ ಕೂಗಾಟವಾಯಿತು. ಮನೆ ನಂಬರಿನ ಪ್ರಕಾರವೇ ಹೋಗುವುದು ಎಂದು ಕೊನೆಗೆ ಒಪ್ಪಿದರು. ಟೈಲರನಿಗೆ ಮೊದಲನೆಯದು. ಕಟ್ಟಕಡೆಯದು ಮೇಲಿನ ಮಹಡಿಯ ಇಪ್ಪತ್ತೆರಡನೇ ಮನೆಯ ಅಜ್ಜಿಗೆ.

"ನಂದು ಹೇಗೂ ಕೊನೇಗಾಲ," ಎಂದಿತು ಅಜ್ಜಿ. "ಕೊನೇ ಸೆಕೆಂಡು ನಂಗೇ ಸರಿ. ಮಧ್ಯದಲ್ಲೇ ಸತ್ತರೆ ಯಾರಿಗೂ ತೊಂದರೆ ಇಲ್ಲ."

ಒಂಬತ್ತನೇ ಮನೆ ನಮ್ಮದು. ಅಧ್ಯಕ್ಷರು ಪೆನ್ಸಿಲ್ಲು ಕಿವಿಯಿಂದ ತೆಗೆದರು. "ಒಂಬತ್ತು. ಹತ್ತು ಬಿಂದು ಎಂಟು ಎಂಟರಿಂದ ಹನ್ನೆರಡು ಬಿಂದು ಎರಡು ನಾಲ್ಕರವರೆಗೆ. ನೀವು ಮೈಕು ನೋಡ್ಕೋಬೇಕು, ಕೈ ಬೀಸಬೇಕು. ನೀವು ಹಾಡೋ ಹಾಗಿಲ್ಲ. ಯಾರ ಹೆಸರು ಬರೀಲಿ?"

ಎಲ್ಲರಿಗೂ ಗೊತ್ತಿತ್ತು. ಯಾರೂ ನನ್ನ ಮುಖ ನೋಡಲಿಲ್ಲ.

"ಖಾಲಿ ಬಿಡಿ," ಎಂದೆ.

"ಖಾಲಿ ಬಿಟ್ಟ ಜಾಗ ಖಾಲಿ ಇರೋದಿಲ್ಲ ಸ್ವಾಮಿ," ಎಂದರು ಅಧ್ಯಕ್ಷರು. ಅದೇನು ಎಂದು ನನಗೆ ಮಾರನೇ ದಿನವೇ ತಿಳಿಯಿತು.

ಒಟ್ಟು ಎಂಟು ದಿನ ಅಭ್ಯಾಸ. ಇಪ್ಪತ್ತೆರಡು ಜನ ಹಿಡಿಸುವ ಕೋಣೆ ಯಾವುದೂ ಇರಲಿಲ್ಲ. ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಹೊಸ್ತಿಲ ಮೇಲೆ ನಿಂತು ಹಾಡಬೇಕು, ದನಿ ಮೆಟ್ಟಿಲುಸಾಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತಬೇಕು ಎಂದು ಏರ್ಪಾಡಾಯಿತು. ಮೆಟ್ಟಿಲುಗಳ ನಡುವಿನ ಬಾವಿಯಂಥ ಜಾಗದಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಮೈಕು ಕಟ್ಟಿ ಮೇಲಿನಿಂದ ಇಳಿಬಿಟ್ಟೆ. ಹಗ್ಗ ಸಾಲದೆ ಅದು ಎರಡನೇ ಮಹಡಿಯಲ್ಲೇ ನಿಂತಿತು, ಸರಿಯಾಗಿ ನಮ್ಮ ಬಾಗಿಲ ಮುಂದೆ. ಪರಮ ವೈಜ್ಞಾನಿಕ ಲೆಕ್ಕಾಚಾರದಿಂದ ಮೈಕನ್ನು ನಾನು ಅಲ್ಲಿ ನಿಲ್ಲಿಸಿದೆ ಎಂದು ಕಟ್ಟಡದಲ್ಲಿ ಈಗಲೂ ಹೇಳುತ್ತಾರೆ. ಮೊದಲು ಹೇಳಿದವನು ನಾನು.

ಟೈಲರು "ಓ" ಎಂದ. ಎರಡನೇ ಮನೆ "ಓ" ಎಂದಿತು. ಮೂರು, ನಾಲ್ಕು, ಐದು. ಅಧ್ಯಕ್ಷರು ಸ್ಟಾಪ್‌ವಾಚು ಹಿಡಿದು ಗಡಿ ಬಂದಾಗೆಲ್ಲ ಬೆರಳು ಕೆಳಗಿಳಿಸುತ್ತಿದ್ದರು. ಎಂಟನೇ ಮನೆಯವರು ಮುಗಿಸಿದರು. ಒಂಬತ್ತು ಖಾಲಿ. ಹತ್ತನೇ ಮನೆ ಹಲ್ಲಿನ ಡಾಕ್ಟರದು. ದೇಹ ಸಣ್ಣದು, ಶ್ವಾಸ ದೊಡ್ಡದು. ಅವರು ತಮ್ಮ ಸರದಿಗೆ ಕಾಯದೆ ಒಂಬತ್ತರಲ್ಲೇ "ಓ" ಎಂದು ಶುರುಹಚ್ಚಿದರು.

"ನಿಲ್ಲಿಸಿ!" ಅಧ್ಯಕ್ಷರು ಗುಡುಗಿದರು. "ಹತ್ತನೇ ಮನೆಯವರು ಸೊನ್ನೆ ಬಿಂದು ನಾಲ್ಕು ಒಳಗೆ ಬಂದಿದ್ದೀರಿ. ಇದು ಒತ್ತುವರಿ!"

"ಖಾಲಿ ಇತ್ತಲ್ಲಾ," ಎಂದರು ಡಾಕ್ಟರು.

"ಖಾಲಿ ಇದ್ರೆ ಬೇಲಿ ಹಾಕ್ಕೋತೀರಾ?"

ಮಾರನೇ ದಿನ ಡಾಕ್ಟರು ಸೊನ್ನೆ ಬಿಂದು ಆರು ಒಳಗೆ ಬಂದರು. ಅದರ ಮಾರನೇ ದಿನ ಸೊನ್ನೆ ಬಿಂದು ಒಂಬತ್ತು. ಅಧ್ಯಕ್ಷರು ನೋಟೀಸು ಬರೆದು ಡಾಕ್ಟರ ಬಾಗಿಲಿಗೆ ಅಂಟಿಸಿದರು. ಡಾಕ್ಟರು ಅದನ್ನು ಓದಿ, ಮಡಚಿ ಜೇಬಿಗಿಟ್ಟುಕೊಂಡು, ಆರನೇ ದಿನ ಒಂದು ಸೆಕೆಂಡು ಮೂವತ್ತಾರನ್ನೂ ಪೂರ್ತಿಯಾಗಿ ನುಂಗಿದರು. ಇಷ್ಟು ಹೊತ್ತು ಬಾಯಿ ತೆರೆದಿಡುವ ಕಲೆಯನ್ನು ಅವರು ರೋಗಿಗಳಿಂದ ಕಲಿತಿರಬೇಕು.

ಮೇಲಿನಿಂದ ಅಜ್ಜಿ ಕೂಗಿತು: "ಏ ಡಾಕ್ಟ್ರೇ, ಪಕ್ಕದ ಮನೆ ಹೆಣ್ಣುಮಗಳು ಸುಮ್ನಿದ್ದಾಳೆ ಅಂತ ಅವಳ ಜಾಗ ತಿಂತೀಯೇನೋ? ನಾಚಿಕೆ ಆಗಲ್ವಾ?"

"ಆಗುತ್ತೆ ಅಜ್ಜಿ," ಎಂದರು ಡಾಕ್ಟರು. "ಆದ್ರೂ ತಿಂತೀನಿ."

ಇದೆಲ್ಲ ನಡೆಯುವುದು ನಮ್ಮ ಮುಚ್ಚಿದ ಬಾಗಿಲ ಮುಂದೆ. ಒಳಗೆ ಇವಳು ಲೈಬ್ರರಿಯ ಹರಿದ ಪುಸ್ತಕಗಳಿಗೆ ರಟ್ಟು ಹಾಕುತ್ತಾ ಕೂತಿರುತ್ತಿದ್ದಳು. ಆರನೇ ದಿನ ನಾನು ಒಳಗೆ ಹೋದಾಗ ಒಂದು ಪುಸ್ತಕಕ್ಕೆ ಎರಡೆರಡು ರಟ್ಟು ಹಾಕಿದ್ದಳು, ಅದೂ ತಲೆಕೆಳಗಾಗಿ.

"ಆ ಡಾಕ್ಟರಿಗೆ ಶ್ರುತೀನೂ ಇಲ್ಲ," ಎಂದಳು.

ಎರಡು ವರ್ಷದಲ್ಲಿ ಇವಳ ಬಾಯಿಂದ ಶ್ರುತಿ ಎಂಬ ಮಾತು ಬಂದದ್ದು ಅದೇ ಮೊದಲು. ನಾನು ಕೇಳಿಸದವನ ಹಾಗೆ ಚಪ್ಪಲಿ ಬಿಚ್ಚಿದೆ. ಚಪ್ಪಲಿ ಹಾಕಿಕೊಂಡೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ರೆಕಾರ್ಡಿಂಗ್ ದಿನ ಬಂತು. ಬೆಳಗ್ಗೆ ಹತ್ತು ಗಂಟೆ. ಜಾಹೀರಾತಿನವನು ಕಿವಿಗೆ ಹೆಡ್‌ಫೋನು, ತಲೆಗೆ ಕನ್ನಡಕ ಏರಿಸಿ ಕೆಳಗೆ ಟಪಾಲು ಡಬ್ಬಿಗಳ ಪಕ್ಕ ಕುರ್ಚಿ ಹಾಕಿ ಕೂತ. ಕಟ್ಟಡದಲ್ಲಿ ಮಿಕ್ಸಿ, ನಲ್ಲಿ, ಟೀವಿ ಎಲ್ಲಕ್ಕೂ ನಿಷೇಧ. ಟೈಲರು ಹೊಸ ಅಂಗಿ ಹಾಕಿದ್ದ. ಮೈಕಿಗೆ ಕಣ್ಣಿಲ್ಲ ಎಂದು ಯಾರೂ ಅವನಿಗೆ ಹೇಳಲಿಲ್ಲ. ಅಜ್ಜಿ ಕುರ್ಚಿಯ ಮೇಲೆ ಕುರ್ಚಿ ಇಟ್ಟು ಕೂತಿತ್ತು, ಎತ್ತರದಿಂದ ದನಿ ಚೆನ್ನಾಗಿ ಬೀಳುತ್ತದಂತೆ.

ನಾನು ನಮ್ಮ ಬಾಗಿಲ ಮುಂದೆ ನಿಂತು ಕೈಯೆತ್ತಿದೆ.

ಮೊದಲ ಸಲ. ಒಂದು, ಎರಡು, ಮೂರು... ಎಂಟು. ಹಲ್ಲಿನ ಡಾಕ್ಟರು ಒಂಬತ್ತನ್ನು ತಿಂದರು. ಆಗ ನಮ್ಮ ಮನೆಯೊಳಗಿನಿಂದ ಕೇಳಿಸಿತು: ಟಣ್, ಟಣ್, ಟಣ್.

"ಏನದು ಗಂಟೆ?" ಕೆಳಗಿನಿಂದ ಜಾಹೀರಾತಿನವನು ಕೂಗಿದ. "ವಾದ್ಯ ಬೇಡ ಅಂದಿದ್ದೆ!"

"ವಾದ್ಯ ಅಲ್ಲ, ನಮ್ಮ ಮನೆಯ ಸಂಪ್ರದಾಯ. ಇನ್ನೊಂದ್ಸಲ!" ಎಂದೆ.

ಎರಡನೇ ಸಲ. ಎಂಟು ಮುಗಿಯಿತು. ಡಾಕ್ಟರು ಈ ಸಲ ಎಂಟರಲ್ಲೇ ಉಸಿರು ತುಂಬಿಕೊಂಡು, ಗಡಿಕಲ್ಲನ್ನೇ ಒದ್ದು ಒಳಗೆ ನುಗ್ಗಿದರು.

ಟಣ್, ಟಣ್, ಟಣ್.

ಟಣ್.

ನನ್ನ ಕೈ ಗಾಳಿಯಲ್ಲೇ ನಿಂತಿತು. ನಾಲ್ಕು. ಮದುವೆಯಾಗಿ ಹದಿನೇಳು ವರ್ಷ, ಸೌಟು ಅಧಿಕಾರಕ್ಕೆ ಬಂದು ಎರಡು ವರ್ಷ. ನಾಲ್ಕು ಕೇಳಿದ್ದು ಅದೇ ಮೊದಲು. ಓಡಿಹೋಗುವುದೋ ಒಳಗೆ ಹೋಗುವುದೋ ತಿಳಿಯದೆ, "ಮೂರನೇ ಸಲ!" ಎಂದು ಕೂಗಿಬಿಟ್ಟೆ. ಧೈರ್ಯಶಾಲಿಗಳು ಹೀಗೇ ಮಾಡುವುದು.

ಮೂರನೇ ಸಲ. ಟೈಲರಿನಿಂದ ಎಂಟನೇ ಮನೆಯವರೆಗೆ ಸರಾಗವಾಗಿ ಹತ್ತಿ ಬಂತು. ಡಾಕ್ಟರು ಬಾಯಿ ತೆರೆದರು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಬಾಗಿಲು ತೆರೆಯಿತು. ಇವಳು ಸೌಟು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು. ಸೌಟನ್ನು ಡಾಕ್ಟರ ಕಡೆ ನೆಟ್ಟಗೆ ಚಾಚಿ, ಅವರ "ಓ" ಹೊರಡುವ ಮುಂಚೆಯೇ, ತನ್ನ ಸ್ವರ ಹಾಕಿದಳು.

ಏನೆಂದು ಹೇಳಲಿ? ನಾನು ಎಲ್ಲವನ್ನೂ ಹತ್ತುಪಟ್ಟು ಮಾಡಿ ಹೇಳುವವನು, ಇದನ್ನು ಮಾತ್ರ ಇದ್ದಷ್ಟೇ ಹೇಳುತ್ತೇನೆ. ತಗ್ಗಿನ ದನಿ, ಒರಟು, ಸ್ವಲ್ಪ ಒಡೆದದ್ದು. ಮಾಸಿದ ಉಣ್ಣೆಯ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡ ಹಾಗೆ. ಶ್ರುತಿ ಮಾತ್ರ ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ.

ಒಂದು ಸೆಕೆಂಡು ಮೂವತ್ತಾರು ಮುಗಿಯಿತು. ಅಧ್ಯಕ್ಷರು ಬೆರಳು ಇಳಿಸಿದರು. ಇವಳು ನಿಲ್ಲಿಸಲಿಲ್ಲ. ಎಂಟು ದಿನದ ಸಿಟ್ಟು ಒಂದು ಸೆಕೆಂಡಿನಲ್ಲಿ ಎಲ್ಲಿ ಮುಗಿಯುತ್ತದೆ? ಹತ್ತನೇ ಮನೆಯ ಗಡಿ ದಾಟಿದಳು. ಹನ್ನೊಂದು, ಹನ್ನೆರಡು. ಹದಿಮೂರನೇ ಮನೆಯವರು ಮೂರನೇ ಮಹಡಿಯಿಂದ ಬಗ್ಗಿ ನೋಡಿದರು. ಅವರ ಸರದಿ ಬಂದಿತ್ತು, ಜಾಗ ಇರಲಿಲ್ಲ. ಏನು ಮಾಡುವುದು ತೋಚದೆ ಅದೇ ಸ್ವರದ ಮೇಲೆ ಮೆಲ್ಲಗೆ "ಓ" ಎಂದು ಹತ್ತಿಕೊಂಡರು. ಹದಿನಾಲ್ಕನೆಯವರೂ ಹತ್ತಿಕೊಂಡರು. ಕೆಳಗೆ ಪಾಲು ಮುಗಿಸಿ ಕೂತಿದ್ದ ಟೈಲರು ಎದ್ದು ಮತ್ತೆ ಸೇರಿದ. ಇವಳು ನಾಲ್ಕು ಸ್ವರದ ನನ್ನ ರಾಗವನ್ನು ಹಿಡಿದು ತಿರುಗಿಸಿದಳು. ಇಪ್ಪತ್ತೊಂದು ಮನೆಗಳೂ ಅವಳ ಹಿಂದೆ ತಿರುಗಿದವು. ಸಭೆಯಲ್ಲಿ ಮೇಜು ಬಡಿದು ನಾನು ಹೇಳಿದ್ದು ಇದನ್ನೇ. ಕಟ್ಟಕಡೆಗೆ ಎಲ್ಲರೂ ಉಸಿರು ಬಿಟ್ಟ ಮೇಲೆ ಅಜ್ಜಿಯ ಸಣ್ಣ "ಓ" ಒಂದು ಮೇಲಿನಿಂದ ಉದುರಿತು. ಅದು ಸಾಯಲಿಲ್ಲ.

ಯಾರೂ ಕೆಮ್ಮಲೂ ಇಲ್ಲ.

ಆಗ ಕೆಳಗಿನಿಂದ ಜಾಹೀರಾತಿನವನು ಒಂದೇ ಉಸಿರಿನಲ್ಲಿ ಹತ್ತಿ ಬಂದ. "ಅದ್ಭುತ ಸರ್! ಆ ನಡುವಿನ ದನಿ ಯಾರದ್ದು? ಆ ಸರ್ ಯಾರು?"

ಇಪ್ಪತ್ತೊಂದು ಮನೆಗಳು ಒಟ್ಟಿಗೆ ಕಣ್ಣು ಮುಚ್ಚಿಕೊಂಡವು. ನಾನು ಹಿಂದೆ ತಿರುಗಿದೆ. ಬಾಗಿಲು ಹಾಕಿತ್ತು. ಒಳಗಿನಿಂದ ಚಿಲಕದ ಸದ್ದು ಕೇಳಿಸಿತು.

"ಗಂಡಸಲ್ಲವೋ, ಕನ್ನಡಕಾನ ಮೊದ್ಲು ಕಣ್ಣಿಗೆ ಹಾಕ್ಕೊಳ್ಳೋ!" ಎಂದು ಮೇಲಿನಿಂದ ಅಜ್ಜಿ ಕೂಗಿತು.

ನಾನು ನನ್ನದೇ ಮನೆಯ ಬೆಲ್ಲು ಒತ್ತಿದೆ. ಟಿಂಗ್ ಟಿಂಗ್ ಟಿಣಿಂಗ್. ಮೂರು ಸೆಕೆಂಡಾಯಿತು. ಬಾಗಿಲು ತೆಗೆಯಲಿಲ್ಲ. ಮತ್ತೆ ಒತ್ತಿದೆ.

"ಇದೇ!" ಜಾಹೀರಾತಿನವನು ಕುಣಿದ. "ಇದೇ ನಾನು ಹನ್ನೊಂದು ಸಲ ಒತ್ತಿದ ಬೆಲ್ಲು! ನಿಮ್ಮ ಬೆಲ್ಲು!"

"ನನ್ನದಲ್ಲ," ಎಂದೆ.

ನನ್ನ ಬಾಯಿಂದ ಆ ಮಾತು ಹೇಗೆ ಬಂತು ಎಂದು ಈಗಲೂ ಯೋಚಿಸುತ್ತೇನೆ. ಬಂದ ಮೇಲೆ ನಿಲ್ಲಲಿಲ್ಲ. ಬಾಗಿಲಿಗೆ ಕೇಳಿಸಲಿ ಎಂದು ಜೋರಾಗಿಯೇ ಹೇಳಿದೆ. "ಇದು ನನ್ನ ಹೆಂಡತಿ ಪಾತ್ರೆ ತೊಳೀತಾ ಗುನುಗಿದ್ದು. ನಾನು ಪಕ್ಕದಲ್ಲಿ ಕೂತು ಬರ್ಕೊಂಡೆ. ಜನ ಮರುಳಾದ ಬೆಲ್ಲುಗಳೆಲ್ಲ ಇವಳದ್ದೇ. ಕೇಳಿ ಜನ ಚಿಲಕ ಹಾಕ್ಕೋತಾರಲ್ಲ, ಈ ಎರಡು ವರ್ಷದವು, ಅವು ಮಾತ್ರ ನನ್ನವು. ಈಗ ಕೇಳಿದ್ರಲ್ಲ, ಆ ದನಿ, ಅದೂ ಇವಳದ್ದೇ."

ಜಾಹೀರಾತಿನವನು ಕನ್ನಡಕವನ್ನು ತಲೆಯಿಂದ ಇಳಿಸಿ ಕಣ್ಣಿಗೆ ಹಾಕಿಕೊಂಡ. ಬಾಗಿಲ ಹತ್ತಿರ ಹೋಗಿ, ಮುಚ್ಚಿದ ಹಲಗೆಗೆ ಹೇಳಿದ: "ಮೇಡಂ, ತಪ್ಪಾಯ್ತು. ಆರು ತಿಂಗಳಿಂದ ನಾನು ಈ ದನಿ ಹುಡುಕ್ತಿದ್ದೀನಿ. ಮೂವತ್ತು ಗಾಯಕಿಯರ ಗಂಟಲು ಕೇಳಿದೆ. ಎಲ್ಲಾ ಚೆಂದ, ಎಲ್ಲಾ ರೇಷ್ಮೆ. ಕಂಬಳಿ ಮಾತಾಡಿದ್ರೆ ರೇಷ್ಮೆ ಥರ ಮಾತಾಡುತ್ತಾ ಮೇಡಂ?"

ಬಾಗಿಲು ಸುಮ್ಮನಿತ್ತು. ನಾನು ಬೆಲ್ಲು ಒತ್ತುತ್ತಲೇ ಇದ್ದೆ. ಏಳು, ಎಂಟು, ಒಂಬತ್ತು. ಎಲ್ಲ ಮಹಡಿಗಳಿಂದಲೂ ತಲೆಗಳು ಬಗ್ಗಿದ್ದವು. ಅಧ್ಯಕ್ಷರು ಅಭ್ಯಾಸಬಲದಿಂದ ಸ್ಟಾಪ್‌ವಾಚು ಒತ್ತಿಬಿಟ್ಟಿದ್ದರು. ಹತ್ತು. ಹನ್ನೊಂದು.

ಚಿಲಕ ಸರಿಯಿತು. ಇವಳು ಅರ್ಧ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು, ಸೌಟು ಕೈಯಲ್ಲೇ ಇತ್ತು. ನನ್ನನ್ನಾಗಲಿ ಜಾಹೀರಾತಿನವನನ್ನಾಗಲಿ ನೋಡಲಿಲ್ಲ. ಪಕ್ಕದ ಹೊಸ್ತಿಲನ್ನು ನೋಡಿದಳು.

"ಡಾಕ್ಟ್ರೇ," ಎಂದಳು. ಹೊಸ್ತಿಲಿನಾಚೆ, ಎಲ್ಲರಿಗೂ ಕೇಳಿಸುವ ಹಾಗೆ. "ನಿಮ್ಮ ಸ್ವರ ಕಾಲು ಭಾಗ ಇಳಿದಿತ್ತು. ಎಂಟು ದಿನದಿಂದ ಕೇಳಿ ಕೇಳಿ ನನಗೆ ಹಲ್ಲುನೋವು ಬಂದಿದೆ."

"ಬನ್ನಿ, ನೋಡೋಣ," ಎಂದರು ಡಾಕ್ಟರು. "ಪಕ್ಕದಲ್ಲೇ ಇದ್ದೀನಲ್ಲ."

ಆರು ವಾರದ ಮೇಲೆ ಜಾಹೀರಾತು ಟೀವಿಯಲ್ಲಿ ಬಂತು. ಇಪ್ಪತ್ತೆರಡು ಮನೆಯವರೂ ಅಧ್ಯಕ್ಷರ ಮನೆಯಲ್ಲಿ ಸೇರಿದ್ದರು. ಟೈಲರು ತನ್ನ ಅತ್ತೆಯನ್ನು ಊರಿಂದ ಕರೆಸಿ, ಮುಂದಿನ ಕುರ್ಚಿಯಲ್ಲಿ ಕೂರಿಸಿ, "ಮೊದಲನೇ ಸೆಕೆಂಡು, ಕಣ್ಣು ಮಿಟುಕಿಸಬೇಡಿ ಅತ್ತೆ" ಎಂದು ಹೇಳಿಟ್ಟಿದ್ದ.

ಒಂದು ವಿಷಯವನ್ನು ಜಾಹೀರಾತಿನವನು ಹಿಂದಿನ ದಿನ ನನಗೆ ಹೇಳಿದ್ದ, ನಾನು ಯಾರಿಗೂ ಹೇಳಿರಲಿಲ್ಲ. ಈ ವ್ಯವಹಾರದಲ್ಲಿ ಮೂವತ್ತು ಸೆಕೆಂಡಿನದು ಕತ್ತರಿಸಿ ಹತ್ತು ಸೆಕೆಂಡು ಮಾಡುವುದು ವಾಡಿಕೆಯಂತೆ.

ಮುದುಕ ಬಂದ. ಕಂಬಳಿ ಬಂತು. ಮನೆಯವರೆಲ್ಲ ಗಡಬಡಿಸಿ ಒಳಗೆ ತೂರಿಕೊಂಡರು. ನಾಯಿಯೂ ಬಂತು. ಆ ಹತ್ತು ಸೆಕೆಂಡಿನ ಉದ್ದಕ್ಕೂ ಒಂದೇ ದನಿ ಇತ್ತು, ಒರಟಾಗಿ, ಬೆಚ್ಚಗೆ. ಅದರ ಹಿಂದೆ ದೂರದಲ್ಲಿ, ಮಂಜಿನೊಳಗಿನಿಂದ ಎಂಬಂತೆ, ಒಂದು ಕಟ್ಟಡ ಪೂರ್ತಿ ಉಸಿರಾಡುತ್ತಿತ್ತು. ಇದು ಯಾರ ಮನೆಯ "ಓ" ಎಂದು ಗುರುತಿಸಲು ದೇವರಿಂದಲೂ ಆಗುತ್ತಿರಲಿಲ್ಲ. ಮುಗಿಯಿತು.

"ನಿಮ್ದು ಬಂತಾ?" ಎಂದರು ಟೈಲರಿನ ಅತ್ತೆ.

ಟೈಲರು ಕೊರಳಿನ ಟೇಪು ಸರಿಮಾಡಿಕೊಂಡ. "ಬಂತು ಅತ್ತೆ," ಎಂದ. "ಅದೆಲ್ಲಾ ನಮ್ದೇ."

ಅಧ್ಯಕ್ಷರು ಸ್ಟಾಪ್‌ವಾಚು ನೋಡಿದರು, ಹಾಳೆ ನೋಡಿದರು, ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. "ಮಂಜೂರಾದ ವಿಸ್ತೀರ್ಣ ಒಂದು ಸೆಕೆಂಡು ಮೂವತ್ತಾರು. ಸ್ವಾಧೀನದಲ್ಲಿರೋದು ಹತ್ತು ಸೆಕೆಂಡು. ಒಂಬತ್ತನೇ ಮನೆಯವರಿಂದ ಭಾರೀ ಒತ್ತುವರಿ ಆಗಿದೆ."

ಹಿಂದಿನ ಸಾಲಿನಿಂದ ಇವಳು, "ಕೇಸು ಹಾಕಿ," ಎಂದಳು.

ಅಧ್ಯಕ್ಷರು ಪಾಲುಪಟ್ಟಿಯ ಹಾಳೆಯನ್ನು ನಾಲ್ಕಾಗಿ ಮಡಚಿದರು. "ಮೂವತ್ತೈದು ವರ್ಷದ ಸರ್ವೀಸಿನಲ್ಲಿ," ಎಂದರು, "ಬಿಡಿಸಬಾರದು ಅನ್ನಿಸಿದ ಒತ್ತುವರಿ ಇದೊಂದೇ." ಆಮೇಲೆ ಕನ್ನಡಕ ಒರೆಸಿಕೊಳ್ಳಲು ಒಳಗೆ ಹೋದರು. ಕನ್ನಡಕವನ್ನು ಟೀವಿಯ ಮೇಲೆ ಬಿಟ್ಟೇ ಹೋಗಿದ್ದರು.

ವಾಪಸು ಬರುವಾಗ ಮೆಟ್ಟಿಲಿನಲ್ಲಿ ಹಲ್ಲಿನ ಡಾಕ್ಟರನ್ನು ನಾನು ಒಂಟಿಯಾಗಿ ಹಿಡಿದೆ.

"ನಿಜ ಹೇಳಿ. ಬೇಕಂತಲೇ ಮಾಡಿದ್ರಾ?"

ಅವರು ತಮ್ಮ ಬಾಗಿಲ ಬೀಗ ತೆಗೆಯುತ್ತಾ ಹೇಳಿದರು: "ಹನ್ನೆರಡು ವರ್ಷ ಬೆಳಗ್ಗೆ ಆರಕ್ಕೆ ನನ್ನ ಗೋಡೆ ಹಾಡ್ತಿತ್ತು ಸ್ವಾಮಿ. ಎರಡು ವರ್ಷದಿಂದ ಅಲಾರಂ ಇಟ್ಕೊಂಡು ಏಳ್ತಿದ್ದೀನಿ." ಒಳಗೆ ಕಾಲಿಟ್ಟು ತಿರುಗಿ ನೋಡಿದರು. "ಮತ್ತೆ, ಬಾಯಿ ತೆಗೆಸೋದು ತಾನೇ ನನ್ನ ಉದ್ಯೋಗ?"

ಈ ಉಪಾಯ ಮೊದಲಿನಿಂದಲೂ ನನ್ನದೇ, ಡಾಕ್ಟರಿಗೆ ಹೇಳಿಕೊಟ್ಟವನು ನಾನೇ ಎಂದು ಮಾರನೇ ದಿನ ಬೆಳಗ್ಗೆ ಇವಳಿಗೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಫೋನು ಬಂತು. ನಾನು ಎದ್ದೆ. ಇವಳು ಕೈ ಅಡ್ಡ ಹಿಡಿದು ತಾನೇ ಎತ್ತಿದಳು.

"ಹಲೋ ಸರ್, ಶಾಲೆಯಿಂದ ಮಾತಾಡ್ತಿರೋದು," ಗುಮಾಸ್ತನ ದನಿ ನನಗೂ ಕೇಳಿಸಿತು. "ಸಂಗೀತದ ಕ್ಲಾಸಿನ ವಿಷ್ಯ. ನಾಳೆ ಕೊನೇ ದಿನ. ಸ್ವಲ್ಪ ಮೇಡಮ್ಮಂಗೆ ಕೊಡ್ತೀರಾ ಸರ್?"

ಇವಳು ಒಂದು ಕ್ಷಣ ನನ್ನ ಮುಖ ನೋಡಿದಳು.

"ಸರ್ ಇಲ್ಲೇ ಕೂತಿದ್ದಾರೆ, ಬೆಳಗ್ಗೆಯಿಂದ ಸುಳ್ಳು ಹೇಳ್ತಿದ್ದಾರೆ," ಎಂದಳು. "ಮೇಡಮ್ಮನೇ ಮಾತಾಡ್ತಿರೋದು. ಸೋಮವಾರದಿಂದ ಬರ್ತೀನಿ. ಮಕ್ಕಳಿಗೆ ಮೊದಲೇ ಹೇಳಿಡಿ, ದನಿ ಕೇಳಿ ಹೆದರಬಾರದು. ಶ್ರುತಿ ತಪ್ಪಿದ್ರೆ ಆಗ ಹೆದರಲಿ."

ಈಗ ನಮ್ಮ ಮನೆಯಲ್ಲಿ ಬೆಳಗ್ಗೆ ಆರಕ್ಕೆ ಮತ್ತೆ ಅಭ್ಯಾಸ ನಡೆಯುತ್ತದೆ. ಡಾಕ್ಟರು ಅಲಾರಂ ಮಾರಿದರಂತೆ. ನನ್ನ ಬೆಲ್ಲುಗಳು ಪುನಃ ಬಾಗಿಲು ತೆಗೆಸುತ್ತಿವೆ. ಪೆಟ್ಟಿಗೆಯ ಮೇಲೆ ಈಗ ಎರಡು ಹೆಸರು ಅಚ್ಚಾಗುತ್ತದೆ, ನನ್ನದು ಎರಡನೆಯದು. ಊಟಕ್ಕೆ ಬನ್ನಿ ಎಂಬುದರಿಂದ ಹಿಡಿದು ಸುಮ್ಮನಿರಿ ಎಂಬುದರವರೆಗೆ ಎಲ್ಲವನ್ನೂ ಇವಳು ಬಾಯಲ್ಲೇ ಹೇಳುತ್ತಾಳೆ. ಮೂರು ಮಹಡಿಗೆ ಕೇಳಿಸುತ್ತದೆ.

ಸೌಟನ್ನು ಸದ್ಯಕ್ಕೆ ಅಡುಗೆಗೆ ಬಳಸುತ್ತಿದ್ದೇವೆ.